ಒಂದೇ ಲೆಕ್ಕ, ಎರಡು ಉತ್ತರ

ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲಿ ಮಲಪ್ರಭಾ ನದಿಯ ಮಗ್ಗುಲಿಗೆ ಹೊಳೆಮಣ್ಣೂರ ಎಂಬ ಗ್ರಾಮವುಂಟು. ಆ ಸೀಮೆಯ ವ್ಯವಹಾರದ ಮಾತಿನಲ್ಲಿ ‘ಸವ್ವಾ’ ಎಂಬ ಶಬ್ದವೊಂದು ಬಳಕೆಯಲ್ಲಿದೆ. ಮರಾಠಿಯ ನೆರೆಯಿಂದ ಬಂದ ಈ ಶಬ್ದಕ್ಕೆ ‘ಕಾಲು ಹೆಚ್ಚು’ ಎಂದರ್ಥ. ‘ಸವ್ವಾ ಎರಡು’ ಎಂದರೆ ಎರಡೂಕಾಲು. ಹಾಗಾದರೆ ‘ಸವ್ವಾ ನೂರು’ ಎಂದರೆ ಎಷ್ಟು? ನೂರೂಕಾಲು ಎಂದು ತಿಳಿದು ಹಣ ಎಣಿಸಹೋದ ಪರಸ್ಥಳದವನನ್ನು ಅಂಗಡಿಯವನು ತಡೆಯದೆ ಬಿಡನು. ಅದು ನೂರಿಪ್ಪತ್ತೈದು. ಮೊದಲನೆಯ ಮಾತಿನಲ್ಲಿ ಹೆಚ್ಚಿದ್ದು ಒಂದರ ಕಾಲು. ಎರಡನೆಯದರಲ್ಲಿ ಹೆಚ್ಚಿದ್ದು ನೂರರ ಕಾಲು. ಯಾವುದರ ಕಾಲು ಎಂಬುದನ್ನು ಶಬ್ದವು ಹೇಳುವುದಿಲ್ಲ, ರೂಢಿಯು ಹೇಳುತ್ತದೆ. ರೂಢಿಯನ್ನು ಅರಿತವರಿಗೆ ಇಲ್ಲಿ ತೊಡಕಿಲ್ಲ. ಅರಿಯದವರಿಗೆ ಇಪ್ಪತ್ತನಾಲ್ಕೂಮುಕ್ಕಾಲು ರೂಪಾಯಿಗಳ ತೊಡಕು.

ಮಾತಿನಲ್ಲಿ ಇಂಥ ಸಂದಿಗ್ಧತೆ ಸಹಜವೆಂದೂ, ಗಣಿತದ ಚಿಹ್ನೆಗಳಲ್ಲಿ ಮಾತ್ರ ಅದಕ್ಕೆ ಎಡೆಯಿಲ್ಲವೆಂದೂ ನಾವು ಸಾಮಾನ್ಯವಾಗಿ ನಂಬಿದ್ದೇವೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸೋಣ. ಮೊಬೈಲ್ ಫೋನುಗಳಲ್ಲಿ ಕೈಯಿಂದ ಕೈಗೆ ಸಾಗುವ ಒಂದು ಪ್ರಸಿದ್ಧ ಒಗಟು ಹೀಗಿದೆ:

6 ÷ 2(1 + 2) = ?

ಆವರಣದೊಳಗಿನ ಮೊತ್ತ 3 ಎಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಅನಂತರ ದಾರಿ ಎರಡಾಗಿ ಒಡೆಯುತ್ತದೆ. ಎಡದಿಂದ ಬಲಕ್ಕೆ ನಡೆಯುವವರು 6 ÷ 2 = 3, ಅದನ್ನು 3ರಿಂದ ಗುಣಿಸಿದರೆ 9 ಎನ್ನುತ್ತಾರೆ. 2(3) ಎಂಬುದು ಬಿಡಿಸಲಾಗದ ಒಂದೇ ಪದವೆಂದು ತಿಳಿಯುವವರು 6 ÷ 6 = 1 ಎನ್ನುತ್ತಾರೆ. ಉಭಯ ಪಕ್ಷದವರೂ ಶಾಲೆಯಲ್ಲಿ ಕಲಿತ ನಿಯಮವನ್ನೇ ಆಧಾರವಾಗಿ ತೋರಿಸುತ್ತಾರೆ. ಎರಡು ಕ್ಯಾಲ್ಕುಲೇಟರುಗಳನ್ನು ತಂದು ಪರೀಕ್ಷಿಸಿದರೆ ಒಂದು 9 ಎಂದೂ ಮತ್ತೊಂದು 1 ಎಂದೂ ತೋರಿಸುವುದುಂಟು. ಯಂತ್ರಗಳೇ ಜಗಳಕ್ಕೆ ನಿಂತ ಮೇಲೆ ತೀರ್ಪು ಕೊಡುವವರಾರು?

ತೀರ್ಪಿಗೆ ಮುನ್ನ ಈ ಚಿಹ್ನೆಗಳ ಹಿಂದೆ ಇರಬಹುದಾದ ನಿಜವಾದ ಲೆಕ್ಕಗಳನ್ನು ನೋಡೋಣ. ಆರು ಸೇರು ಜೋಳವನ್ನು ಎರಡು ಮನೆಗಳಿಗೆ ಹಂಚಬೇಕು. ಪ್ರತಿ ಮನೆಯಲ್ಲಿಯೂ ಒಬ್ಬ ಹಿರಿಯ, ಇಬ್ಬರು ಮಕ್ಕಳು. ಒಬ್ಬೊಬ್ಬರಿಗೆ ಎಷ್ಟು? ಒಟ್ಟು ಜನ 2(1 + 2), ಅಂದರೆ ಆರು. ತಲೆಗೆ ಒಂದು ಸೇರು. ಇನ್ನೊಂದು ಲೆಕ್ಕ: ಆರು ರೂಪಾಯಿಗೆ ಎರಡು ನಿಂಬೆಹಣ್ಣು. ನಿನ್ನೆ ಒಂದನ್ನೂ ಇಂದು ಎರಡನ್ನೂ ಕೊಂಡೆವು. ಕೊಡಬೇಕಾದ ಹಣವೆಷ್ಟು? ಹಣ್ಣಿಗೆ 6 ÷ 2, ಅಂದರೆ ಮೂರು ರೂಪಾಯಿಯಂತೆ ಮೂರು ಹಣ್ಣಿಗೆ ಒಂಬತ್ತು ರೂಪಾಯಿ. ಎರಡು ಲೆಕ್ಕಗಳಲ್ಲಿಯೂ ಅಂಕಿಗಳು ಅವೇ, ಕ್ರಮವೂ ಅದೇ. ಜೋಳದ ಲೆಕ್ಕಕ್ಕೆ ಉತ್ತರ ಒಂದೇ, ನಿಂಬೆಯ ಲೆಕ್ಕಕ್ಕೂ ಒಂದೇ. ಅವೆರಡನ್ನೂ ಅಜಾಗರೂಕತೆಯಿಂದ ಒಂದೇ ಸಾಲಿನಲ್ಲಿ ಬರೆದಾಗ ಮಾತ್ರ ಉತ್ತರ ಎರಡಾಯಿತು. ಆದ್ದರಿಂದ ಒಗಟಿನಲ್ಲಿರುವುದು ಗಣಿತದ ರಹಸ್ಯವಲ್ಲ, ಬರವಣಿಗೆಯ ಲೋಪ.

ಹಾಗಾದರೆ ನಿಯಮಗಳು ಏತಕ್ಕೆ? ನಮ್ಮ ಶಾಲೆಗಳಲ್ಲಿ ‘ಬೋಡ್‌ಮಾಸ್’ ಎಂಬ ಹೆಸರಿನಿಂದ ಕಲಿಸುವ ಕ್ರಮವು ಬಹಳ ಉಪಯುಕ್ತವಾದುದು. ಮೊದಲು ಆವರಣ, ಅನಂತರ ಭಾಗಾಕಾರ ಗುಣಾಕಾರಗಳು, ಕೊನೆಗೆ ಸಂಕಲನ ವ್ಯವಕಲನಗಳು. ಐದು ರೂಪಾಯಿಯ ಒಂದು ಲೇಖನಿ, ಎರಡು ರೂಪಾಯಿಯಂತೆ ಮೂರು ಹಾಳೆ ಕೊಂಡವನು 5 + 3 × 2 ಎಂದು ಬರೆದರೆ 11 ಎಂದೇ ಓದಬೇಕು. ಗುಣಾಕಾರಕ್ಕೆ ಅಗ್ರಸ್ಥಾನವಿರುವುದರಿಂದ ಇಲ್ಲಿ ಆವರಣದ ಅಗತ್ಯವಿಲ್ಲ. ಈ ಒಪ್ಪಂದವನ್ನು ಗಣಿತಜ್ಞರೆಲ್ಲರೂ ಅಂಗೀಕರಿಸಿದ್ದಾರೆ. ಇದನ್ನು ಕನ್ನಡದ ಮಾತಿಗೆ ಹೋಲಿಸಿ ನೋಡುವುದು ಸ್ವಾರಸ್ಯಕರ. ‘ಐದಕ್ಕೆ ಮೂರನ್ನು ಕೂಡಿಸಿ ಎರಡರಿಂದ ಗುಣಿಸು’ ಎಂದಾಗ ಕೂಡಿಸುವ ಕ್ರಿಯೆ ಮೊದಲು ಮುಗಿಯುತ್ತದೆ, ಉತ್ತರ 16. ‘ಕೂಡಿಸಿ’ ಎಂಬ ಕೃದಂತವೇ ಇಲ್ಲಿ ಆವರಣದ ಕೆಲಸವನ್ನು ಮಾಡಿತು.

ಅಕ್ಷರಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳು ಸಂಕಲನದ ಅಕ್ಷರ ಮುಂಚೆ ಬರುವುದರಿಂದ 10 − 3 + 2ರಲ್ಲಿ ಮೊದಲು ಕೂಡಿಸಿ 5 ಎಂದು ಬರೆಯುವುದುಂಟು. ಇದು ತಪ್ಪು. ಸಂಕಲನ ವ್ಯವಕಲನಗಳು ಸಮಾನ ದರ್ಜೆಯವು; ಎಡದಿಂದ ನಡೆದರೆ 9 ಬರುತ್ತದೆ. ಇಲ್ಲಿ ಸಂದಿಗ್ಧವಿಲ್ಲ, ಅಜ್ಞಾನವಷ್ಟೆ. 6 ÷ 2(1 + 2) ಎಂಬುದರ ಸ್ಥಿತಿ ಬೇರೆ. ಇಲ್ಲಿ ಎರಡರ ಮುಂದೆ ಗುಣಾಕಾರದ ಚಿಹ್ನೆಯೇ ಇಲ್ಲ. ಸಂಖ್ಯೆಯೂ ಆವರಣವೂ ಒತ್ತೊತ್ತಾಗಿ ನಿಂತಿವೆ. ಹೀಗೆ ಒತ್ತಿ ಬರೆದ ಗುಣಾಕಾರಕ್ಕೆ ಭಾಗಾಕಾರಕ್ಕಿಂತ ಹೆಚ್ಚಿನ ಬಲವುಂಟೇ ಎಂಬ ಪ್ರಶ್ನೆಗೆ ಸರ್ವಸಮ್ಮತವಾದ ಉತ್ತರವು ಎಂದೂ ಸ್ಥಿರಪಟ್ಟಿಲ್ಲ. 1917ರಲ್ಲಿ ಅಮೆರಿಕದ ಗಣಿತಜ್ಞ ಲೆನ್ಸ್ ಎಂಬವರು ಈ ಅಂಶವನ್ನು ಎತ್ತಿ ತೋರಿಸಿದರು. ಪಠ್ಯಪುಸ್ತಕದ ನಿಯಮದಂತೆ 9ಅ² ÷ 3ಅ ಎಂಬುದು 3ಅ³ ಆಗಬೇಕು; ಆದರೆ ಆ ಪುಸ್ತಕಗಳನ್ನು ಬರೆದವರೂ ಸೇರಿ ಸರ್ವರೂ ಅದನ್ನು 3ಅ ಎಂದೇ ಓದುತ್ತಾರೆ. ನಿಯಮ ಒಂದು, ಆಚರಣೆ ಇನ್ನೊಂದು. ಚಿಹ್ನೆಗಳ ಇತಿಹಾಸವನ್ನು ಬರೆದ ಕಜೋರಿ ಎಂಬ ವಿದ್ವಾಂಸರೂ 1928ರಲ್ಲಿ ÷ ಮತ್ತು × ಒಟ್ಟಿಗೆ ಬಂದಾಗ ಯಾವುದು ಮೊದಲು ಎಂಬ ವಿಷಯದಲ್ಲಿ ಒಮ್ಮತವಿಲ್ಲವೆಂದೇ ದಾಖಲಿಸಿದರು.

ಚಿಹ್ನೆಗಳು ಹುಟ್ಟಿದ ರೀತಿಯನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸಮಚಿಹ್ನೆಯನ್ನು 1557ರಲ್ಲಿ ಇಂಗ್ಲೆಂಡಿನ ರೆಕಾರ್ಡ್, ಗುಣಾಕಾರದ ×ಅನ್ನು 1631ರಲ್ಲಿ ಅದೇ ದೇಶದ ಆಟ್ರೆಡ್, ಭಾಗಾಕಾರದ ÷ಅನ್ನು 1659ರಲ್ಲಿ ಸ್ವಿಟ್ಜರ್ಲೆಂಡಿನ ರಾನ್ ಅಚ್ಚಿಗೆ ತಂದರು. ಡೆನ್ಮಾರ್ಕ್ ನಾರ್ವೆಗಳಲ್ಲಿ ಇದೇ ÷ ಬಹುಕಾಲ ವ್ಯವಕಲನದ ಗುರುತಾಗಿತ್ತು! ಯಾವ ಮಹಾಸಭೆಯೂ ಕುಳಿತು ಇವೆಲ್ಲಕ್ಕೂ ಒಂದು ವ್ಯಾಕರಣವನ್ನು ರಚಿಸಲಿಲ್ಲ. ಕೊನೆಗೆ 2009ರ ಅಂತರರಾಷ್ಟ್ರೀಯ ಮಾನಕವು ಭಾಗಾಕಾರಕ್ಕೆ ÷ ಚಿಹ್ನೆಯನ್ನು ಬಳಸಲೇಬಾರದೆಂದು ಸೂಚಿಸಿತು. ಭಿನ್ನರಾಶಿಯ ಅಡ್ಡಗೆರೆಯನ್ನು ಎಳೆದರೆ ಯಾವುದು ಕೆಳಗಿದೆಯೆಂಬುದು ಕಣ್ಣಿಗೇ ಕಾಣುವುದರಿಂದ ವಾದಕ್ಕೆ ಅವಕಾಶವಿಲ್ಲ.

ಒತ್ತಿ ಬರೆಯುವುದಕ್ಕೆ ಎಷ್ಟು ಅರ್ಥಗಳಿವೆ ನೋಡಿ. 23 ಎಂಬಲ್ಲಿ ಅದು ಸ್ಥಾನಬೆಲೆ. 2½ ಎಂಬಲ್ಲಿ ಸಂಕಲನ. 2ಅ ಎಂಬಲ್ಲಿ ಗುಣಾಕಾರ. ಕನ್ನಡದ ಸಂಖ್ಯಾವಾಚಕಗಳು ಈ ವಿಷಯದಲ್ಲಿ ಹೆಚ್ಚು ಜಾಣತನ ತೋರಿವೆ. ‘ಮುನ್ನೂರು’ ಎಂದರೆ ಮೂರರಷ್ಟು ನೂರು, ‘ನೂರಮೂರು’ ಎಂದರೆ ನೂರರ ಮೇಲೆ ಮೂರು. ‘ಎರಡೂವರೆ’ ಎಂಬಲ್ಲಿಯ ದೀರ್ಘವು ಕೂಡಿಸುವ ‘ಊ’ಕಾರ, ‘ಎರಡರ ಅರ್ಧ’ ಎಂಬಲ್ಲಿ ಷಷ್ಠೀ ವಿಭಕ್ತಿಯು ಗುಣಿಸುತ್ತದೆ. ಈ ಷಷ್ಠಿಗೆ ನಮ್ಮ ಶಾಲಾಗಣಿತದಲ್ಲಿ ಪ್ರತ್ಯೇಕ ಮರ್ಯಾದೆಯುಂಟು. 12 ÷ 6ರ ½ ಎಂದಿದ್ದರೆ ಮೊದಲು 6ರ ಅರ್ಧವನ್ನು ತೆಗೆದು 12 ÷ 3 = 4 ಎನ್ನಬೇಕು. ಅದೇ ‘ರ’ಕಾರವನ್ನು ಅಳಿಸಿ 12 ÷ 6 × ½ ಎಂದು ಬರೆದರೆ ಉತ್ತರ 1.

ಆದರೂ ಮಾತು ಜಾರುವುದುಂಟು. ‘ಎರಡು ಮತ್ತು ಎರಡರ ಅರ್ಧ ಎಷ್ಟು?’ ಎಂದು ಕೇಳಿದರೆ ಎರಡಕ್ಕೆ ಒಂದನ್ನು ಕೂಡಿಸಿ ಮೂರು ಎನ್ನಬಹುದು. ಎರಡೆರಡು ನಾಲ್ಕರ ಅರ್ಧ ಎರಡೆಂದೂ ಹೇಳಬಹುದು. ಇಂಥ ತೊಡಕನ್ನು ಸುಮಾರು 850ರಲ್ಲಿಯೇ ನಮ್ಮ ನಾಡಿನ ಮಹಾವೀರಾಚಾರ್ಯನು ಎದುರಿಸಿದ್ದನು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಈತನ ಸಂಸ್ಕೃತ ಗ್ರಂಥ ‘ಗಣಿತಸಾರಸಂಗ್ರಹ’ವು 1912ರಲ್ಲಿ ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮುದ್ರಿತವಾಯಿತು. ಆಗಿನ ಬರವಣಿಗೆಯಲ್ಲಿ ಭಿನ್ನರಾಶಿಯ ಅಂಕಿಗಳನ್ನು ಒಂದರ ಕೆಳಗೊಂದು ಇಡುತ್ತಿದ್ದರು. ನಡುವೆ ಗೆರೆ ಇರಲಿಲ್ಲ. ಇಂದಿನ + ಮತ್ತು × ಚಿಹ್ನೆಗಳೂ ಇರಲಿಲ್ಲ. ಹೀಗಾಗಿ ಮಹಾವೀರನು ಭಿನ್ನರಾಶಿಗಳ ಜೋಡಣೆಯನ್ನು ಆರು ಜಾತಿಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಹೆಸರು ಕೊಟ್ಟನು. ಅವುಗಳಲ್ಲಿ ‘ಭಾಗಾನುಬಂಧ’ ಎಂಬುದು ಕೂಡಿಕೆಯ ಜಾತಿ. ಅದರಲ್ಲಿಯೂ ಎರಡು ಬಗೆ. ಪೂರ್ಣಾಂಕಕ್ಕೆ ಒಂದರ ಭಾಗವನ್ನು ಸೇರಿಸುವುದು ಒಂದು ಬಗೆ, ಭಿನ್ನರಾಶಿಗೆ ಅದರದೇ ಭಾಗವನ್ನು ಸೇರಿಸುವುದು ಮತ್ತೊಂದು ಬಗೆ. ಅರ್ಧಕ್ಕೆ ತನ್ನದೇ ಮೂರನೆಯ ಒಂದು ಭಾಗವನ್ನು ಕೂಡಿಸಿದರೆ ½ + ⅙ = ⅔; ಒಂದರ ಮೂರನೆಯ ಭಾಗವನ್ನು ಕೂಡಿಸಿದರೆ ½ + ⅓ = ⅚. ‘ಸವ್ವಾ’ ಶಬ್ದದ ಗೊಂದಲವೂ ಇದೇ ಅಲ್ಲವೇ? ಯಾವುದರ ಭಾಗ ಎಂಬುದನ್ನು ಹೆಸರಿನಲ್ಲಿಯೇ ಹೇಳಿಬಿಟ್ಟರೆ ಓದುವವನು ಊಹಿಸಬೇಕಾದುದಿಲ್ಲ.

ಇದೆಲ್ಲ ಒಗಟಿನ ವಿನೋದವೆಂದು ತಳ್ಳಿಹಾಕುವಂತಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ಇಂದು ಪ್ರಯೋಗದ ಫಲಿತಾಂಶಗಳನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಗಣಿತದ ರೂಢಿಯಲ್ಲಿ −3² ಎಂದರೆ −9. ವರ್ಗವನ್ನು ಮೊದಲು ಮಾಡಿ ಅನಂತರ ಋಣಚಿಹ್ನೆಯನ್ನು ಹಚ್ಚಬೇಕು. ಆದರೆ ಎಕ್ಸೆಲ್ ಎಂಬ ಬಹುಪ್ರಚಲಿತ ತಂತ್ರಾಂಶವು ಋಣಚಿಹ್ನೆಯನ್ನೇ ಮೊದಲು ಹಚ್ಚಿ 9 ಎಂದು ಉತ್ತರಿಸುತ್ತದೆ. ಪೈಥಾನ್ ಭಾಷೆಯು −9 ಎನ್ನುತ್ತದೆ. ಸಂಖ್ಯಾಶಾಸ್ತ್ರದ ಗಂಟೆಯಾಕಾರದ ವಕ್ರರೇಖೆಯಲ್ಲಿ ಘಾತಾಂಕವು ಋಣವಾಗಿರುತ್ತದೆ. ಮಧ್ಯದಿಂದ ದೂರ ಸರಿದಂತೆ ರೇಖೆ ಇಳಿಯಬೇಕು. ಇ ಎಂಬ ಪ್ರಸಿದ್ಧ ಸಂಖ್ಯೆಯ −2² ಘಾತದ ಬೆಲೆ ಸುಮಾರು 0.018. ಆವರಣವಿಲ್ಲದೆ ಎಕ್ಸೆಲ್‌ನಲ್ಲಿ ಬರೆದರೆ ಬರುವುದು ಸುಮಾರು 54.6. ಇಳಿಯಬೇಕಾದ ರೇಖೆ ಬೆಟ್ಟದಂತೆ ಏರುತ್ತದೆ. ಯಂತ್ರವು ತಪ್ಪಿನ ಸೂಚನೆಯನ್ನೂ ಕೊಡುವುದಿಲ್ಲ; ಅದು ತನ್ನ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ.

ಸಂದೇಹಕ್ಕೆ ಎಡೆಗೊಡದಂತೆ ಬರೆಯುವ ಕಲೆಗೂ ಮಲಪ್ರಭೆಯ ದಂಡೆಯಲ್ಲಿಯೇ ಒಂದು ಉದಾಹರಣೆಯುಂಟು. ಹೊಳೆಮಣ್ಣೂರಿನ ಸೀಮೆಯನ್ನು ದಾಟಿ ನದಿಯು ಪಟ್ಟದಕಲ್ಲಿನ ಮೂಲಕ ಐಹೊಳೆಗೆ ಸಾಗುತ್ತದೆ. ಅಲ್ಲಿಯ ಮೇಗುಟಿ ಜಿನಾಲಯದಲ್ಲಿ ಇಮ್ಮಡಿ ಪುಲಕೇಶಿಯ ಕವಿ ರವಿಕೀರ್ತಿಯ ಶಾಸನವಿದೆ. ಅದರಲ್ಲಿ ಕಾಲವನ್ನು ಅಂಕಿಗಳಲ್ಲಿ ಹೇಳದೆ ಶಬ್ದಗಳಲ್ಲಿ ಹೇಳಿದೆ, ಅದೂ ಎರಡು ಬಗೆಯಾಗಿ. ಭಾರತಯುದ್ಧದಿಂದ ಕಳೆದ ವರ್ಷಗಳು ಮೂವತ್ತು, ಮೂರು ಸಾವಿರ, ಏಳು ನೂರು ಮತ್ತು ಐದು, ಅಂದರೆ 3735. ಶಕರಾಜರ ಕಾಲದಿಂದ ಕಳೆದ ವರ್ಷಗಳು ಐವತ್ತು, ಆರು ಮತ್ತು ಐನೂರು, ಅಂದರೆ 556. ಎರಡರ ಅಂತರ 3179. ಕಲಿವರ್ಷಕ್ಕೂ ಶಕವರ್ಷಕ್ಕೂ ಇರತಕ್ಕ ಅಂತರ ಅಷ್ಟೇ. ಎರಡು ಎಣಿಕೆಗಳೂ ಕ್ರಿ.ಶ. 634ನ್ನೇ ಸೂಚಿಸುವುದರಿಂದ ಒಂದು ಮತ್ತೊಂದಕ್ಕೆ ಸಾಕ್ಷಿಯಾಗುತ್ತದೆ. ನಾವು ಬ್ಯಾಂಕಿನ ಚೆಕ್ಕಿನಲ್ಲಿ ಹಣವನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆಯುವುದು ಇದೇ ಎಚ್ಚರಿಕೆಯಿಂದ. ಎರಡಕ್ಕೂ ವ್ಯತ್ಯಾಸ ಬಂದರೆ ಅಕ್ಷರದಲ್ಲಿ ಬರೆದುದೇ ಪ್ರಮಾಣವೆಂದು 1881ರ ಚಲಾವಣೆಯ ಪತ್ರಗಳ ಕಾಯಿದೆ ವಿಧಿಸಿದೆ. ಅಂದರೆ ಸಂದಿಗ್ಧ ಬಂದಾಗ ಏನು ಮಾಡಬೇಕೆಂಬುದನ್ನು ಕಾನೂನು ಮುಂಚಿತವಾಗಿಯೇ ಹೇಳಿಟ್ಟಿದೆ. ನಮ್ಮ ಒಗಟಿಗೆ ಅಂಥ ಕಾಯಿದೆ ಇಲ್ಲ.

ಆದಕಾರಣ 9 ಎಂದವನನ್ನಾಗಲಿ 1 ಎಂದವನನ್ನಾಗಲಿ ದಡ್ಡನೆಂದು ಹೀಯಾಳಿಸುವುದು ಉಚಿತವಲ್ಲ. ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಬಂದು ವಿದ್ಯಾರ್ಥಿಯು ಅಂಕ ಕಳೆದುಕೊಂಡರೆ ದೋಷವು ಪ್ರಶ್ನೆ ಬರೆದವರದು. ನಾವು ಬರೆಯುವಾಗ (6 ÷ 2)(1 + 2) ಎಂದೋ 6 ÷ [2(1 + 2)] ಎಂದೋ ಸ್ಪಷ್ಟಪಡಿಸಬೇಕು. ಒಂದು ಜೊತೆ ಆವರಣಕ್ಕೆ ತಗಲುವ ಶಾಯಿ ಎಷ್ಟು ಮಹಾ! ಇತರರು ಬರೆದುದನ್ನು ಓದುವಾಗ ಸಂದೇಹ ಬಂದರೆ ಮೂಲ ಲೆಕ್ಕ ಯಾವುದೆಂದು ಕೇಳಿ ತಿಳಿಯಬೇಕು. ಹೊಸ ಯಂತ್ರವೊಂದು ಕೈಗೆ ಬಂದಾಗ ಉತ್ತರ ಮೊದಲೇ ಗೊತ್ತಿರುವ ಎರಡು ಲೆಕ್ಕಗಳನ್ನು ಕೊಟ್ಟು ಅದರ ರೂಢಿಯನ್ನು ಪರೀಕ್ಷಿಸಬೇಕು.

ಕೊನೆಯದಾಗಿ ವಾಚಕರಿಗೆ ಒಂದು ಅಭ್ಯಾಸ. 48 ÷ 2(9 + 3) ಎಂಬುದಕ್ಕೆ 2 ಮತ್ತು 288 ಎಂಬ ಎರಡು ಉತ್ತರಗಳು ಬರುತ್ತವೆ. ಯಾವುದು ಸರಿ ಎಂದು ವಾದಿಸುವುದನ್ನು ಬಿಟ್ಟು, ಉತ್ತರ 2 ಬರುವಂಥ ಒಂದು ಸಂಗತಿಯನ್ನೂ 288 ಬರುವಂಥ ಮತ್ತೊಂದು ಸಂಗತಿಯನ್ನೂ ತಮ್ಮ ಊರಿನ ಹೊಲ, ಮನೆ, ಅಂಗಡಿಗಳಿಂದಲೇ ಆರಿಸಿ ಬರೆಯಿರಿ. ಅನಂತರ ಪ್ರತಿಯೊಂದಕ್ಕೂ ಸಂದೇಹವಿಲ್ಲದಂತೆ ಆವರಣಗಳನ್ನು ಹಾಕಿರಿ.