ಸ್ಥಳೀಯ ವಸ್ತುಸಂಗ್ರಹಾಲಯದ ಮೊದಲ ಕರ್ತವ್ಯ

ಕುರೆಕುಪ್ಪದಂತಹ ಊರಿನಲ್ಲಿ ಇತಿಹಾಸ ಸಂಘವೊಂದು ವಸ್ತುಸಂಗ್ರಹಾಲಯವನ್ನು ನಡೆಸಬೇಕಾದರೆ ಮೊದಲು ಬೇಕಾದುದು ಕಟ್ಟಡವಲ್ಲ, ದಾಖಲೆಯ ಪುಸ್ತಕವೆಂಬುದು ನಮ್ಮ ಅಭಿಪ್ರಾಯ. ದೊರೆತ ವಸ್ತುವಿನ ಕ್ರಮಸಂಖ್ಯೆ, ಊರು, ಹೊಲ, ಆಳ, ದಿನಾಂಕ ಇವಿಷ್ಟನ್ನು ಅಂದೇ ಬರೆದಿಡತಕ್ಕದ್ದು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ರು ಬಳ್ಳಾರಿ ಸೀಮೆಯಲ್ಲಿ ಸಂಚರಿಸಿ ಶಿಲಾಯುಧಗಳನ್ನು ಕೂಡಿಸಿದರು. ಅವರ ಸಂಗ್ರಹವು ೧೯೦೪ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ವಸ್ತುಗಳು ದೊರೆತ ಸ್ಥಳಗಳನ್ನು ಅವರು ಗುರುತಿಸಿಟ್ಟಿದ್ದುದರಿಂದಲೇ ೧೯೧೪ರಲ್ಲಿ ಅಚ್ಚಾದ ಅದರ ವಿವರಪಟ್ಟಿಯು ಇಂದಿಗೂ ಆಧಾರಗ್ರಂಥವಾಗಿದೆ.

ಸ್ಥಳದಿಂದ ಬೇರ್ಪಟ್ಟರೆ ಮೂಕವಾಗುವ ಅವಶೇಷಗಳೂ ಉಂಟು. ಕುರೆಕುಪ್ಪದ ನೆರೆಯ ಕುಡತಿನಿಯಲ್ಲಿ ನವಶಿಲಾಯುಗದ ಬೂದಿದಿಬ್ಬವಿದೆ. ಇಂತಹ ದಿಬ್ಬಗಳು ಹೇಗಾದುವೆಂಬುದು ಬಹುಕಾಲ ವಿವಾದಾಸ್ಪದವಾಗಿತ್ತು. ಉಟ್ನೂರಿನ ಉತ್ಖನನದಲ್ಲಿ ಪದರಗಳ ನಡುವೆ ಕಂಡ ದನಗಳ ಗೊರಸಿನ ಗುರುತುಗಳನ್ನು ಆಧರಿಸಿ, ಇವು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ಆಲ್ಚಿನ್‌ರು ೧೯೬೩ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಕಪಾಟಿನಲ್ಲಿಟ್ಟ ಬೂದಿಯ ಗಟ್ಟಿಯೊಂದು ಈ ಸಾಕ್ಷ್ಯವನ್ನು ನುಡಿಯಲಾರದು.

ಆದುದರಿಂದ ಸಂಘವು ದಿಬ್ಬವನ್ನು ಅಗೆಯದೆ ಅದರ ನಕ್ಷೆ, ಛಾಯಾಚಿತ್ರಗಳನ್ನು ಸಿದ್ಧಪಡಿಸಿ ವರ್ಷಕ್ಕೊಮ್ಮೆ ಹೋಲಿಸಿ ನೋಡಬೇಕು. ಸಂರಕ್ಷಿಸಲು ಅನುಕೂಲವಿಲ್ಲದ ಬಿಡಿ ವಸ್ತುಗಳಿಗೆ ಬಳ್ಳಾರಿಯಲ್ಲಿ ಫೂಟ್‌ರ ಹೆಸರಿನ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಗಣಿ, ಕಲ್ಲುಕ್ವಾರಿ, ಕಾರ್ಖಾನೆಗಳ ಈ ಸೀಮೆಯಲ್ಲಿ ಇಂದು ಬರೆದಿಡದ ನೆಲೆಯನ್ನು ನಾಳೆ ಹುಡುಕಲಾಗದು.