ಕರಡಿ ಬೆಟ್ಟದ ಹರಕೆ ಬಟ್ಟೆ

ಈ ವಯಸ್ಸಿನಲ್ಲಿ ಸೀರೆ ಬಿಟ್ಟು ಪ್ಯಾಂಟು ತೊಟ್ಟು, ತಮ್ಮನ ಮೋಟಾರ್‌ಸೈಕಲ್ ಹಿಂದೆ ಕೂತು ಅಮೆರಿಕ ಸುತ್ತಿದೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಇದನ್ನು ಓದಿ.

ದಕ್ಷಿಣ ಡಕೋಟಾದ ಸ್ಟರ್ಜಿಸ್ ಊರಿನಲ್ಲಿ 1938ರಲ್ಲಿ ಶುರುವಾದ ಮೋಟಾರ್‌ಸೈಕಲ್ ಜಾತ್ರೆಗೆ ಪ್ರತಿ ಆಗಸ್ಟ್‌ನಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಆ ಸದ್ದಿಗೆ ನನ್ನ ಕಿವಿಯೇ ಹೋಯಿತು! ಊರಿಂದ ಸುಮಾರು ಆರು ಮೈಲಿಗೆ ಬೇರ್ ಬ್ಯೂಟ್ ಎಂಬ ಒಂಟಿ ಬೆಟ್ಟ. ಲಕೋಟಾ ಮೂಲನಿವಾಸಿಗಳಿಗೆ ಅದು 'ಮಾಥೊ ಪಾಹಾ', ಅಂದರೆ ಕರಡಿ ಬೆಟ್ಟ. ಶಾಯೆನ್ ಜನರ ಮಹಾಪುರುಷ ಸ್ವೀಟ್ ಮೆಡಿಸಿನ್‌ಗೆ ನಾಲ್ಕು ಪವಿತ್ರ ಬಾಣಗಳು ದೊರೆತದ್ದು ಇಲ್ಲೇ ಎಂದು ಅವರ ನಂಬಿಕೆ. 1961ರಿಂದ ಅದು ಸರ್ಕಾರಿ ಉದ್ಯಾನ. ಆದರೂ ಉಪವಾಸ, ಪ್ರಾರ್ಥನೆಗೆ ಅವರು ಈಗಲೂ ಬರುತ್ತಾರೆ.

ಹತ್ತುವ ದಾರಿಯ ಮರಗಳಲ್ಲಿ ಬಣ್ಣಬಣ್ಣದ ಬಟ್ಟೆ, ಹೊಗೆಸೊಪ್ಪಿನ ಪುಟ್ಟ ಗಂಟುಗಳು. ಕೆಳಗೆ ಬಿದ್ದಿದ್ದ ಒಂದು ಕೆಂಪು ಬಟ್ಟೆಯನ್ನು ಮತ್ತೆ ಕಟ್ಟೋಣವೆಂದು ಬಗ್ಗಿದೆ.

"ಅಕ್ಕ, ಮುಟ್ಟಬೇಡ! ಅದು ಯಾರದೋ ಪ್ರಾರ್ಥನೆ" ಎಂದ ತಮ್ಮ.

ನಾಚಿಕೆಯಾಯಿತು. ಮಕ್ಕಳಿಲ್ಲದ ದಿನಗಳಲ್ಲಿ ನಮ್ಮೂರ ಗುಡಿಯ ಅಶ್ವತ್ಥಕ್ಕೆ ನಾನೂ ಪುಟ್ಟ ತೊಟ್ಟಿಲು ಕಟ್ಟಿದ್ದೆ. ದಾರಿಹೋಕರು ಅದಕ್ಕೆ ಕೈಹಾಕಿದ್ದರೆ ಸಹಿಸುತ್ತಿದ್ದೆನೇ?

ಅಷ್ಟರಲ್ಲಿ ಕೆಳಗಿನ ರಸ್ತೆಯಿಂದ ಬೈಕುಗಳ ಗುಡುಗು. ಬೆಟ್ಟದ ಬಳಿ ಬೈಕಿನವರಿಗಾಗಿ ಬಾರ್ ತೆರೆಯುವುದನ್ನು ಮೂಲನಿವಾಸಿಗಳು 2006ರಲ್ಲಿ ಯಾಕೆ ವಿರೋಧಿಸಿದರೆಂದು ಆಗ ಅರ್ಥವಾಯಿತು. ಆ ಸದ್ದಿನಲ್ಲಿ ನಮ್ಮ ಬೈಕಿನದೂ ಪಾಲಿತ್ತಲ್ಲ!

ಹೋಗುವುದಾದರೆ ಹೋಗಿ ಬನ್ನಿ, ಸೋದರಿಯರೇ. ಆದರೆ ಬಟ್ಟೆ ಮುಟ್ಟಬೇಡಿ, ಪ್ರಾರ್ಥಿಸುವವರ ಫೋಟೋ ತೆಗೆಯಬೇಡಿ, ಮೆಲ್ಲಗೆ ಮಾತಾಡಿ. ನಮ್ಮ ಗುಡಿಯಲ್ಲಿ ಹೇಗಿರುತ್ತೀರೋ ಅಲ್ಲೂ ಹಾಗೇ ಇರಿ.