ಆಟದ ಹಿಡಿಕೆ, ಕೆಲಸದ ಹಿಡಿಕೆ

ಅಡಕೆ ತೋಟಕ್ಕೆ ಡ್ರೋನಿನಿಂದ ಔಷಧಿ ಹೊಡೆಯುವುದನ್ನು ನೋಡಿಬಂದ ಸದಸ್ಯರೊಬ್ಬರು ನಮ್ಮ ಕಚೇರಿಯಲ್ಲಿ ಕುಳಿತು, "ಅಲ್ರೀ, ಹುಡುಗರು ಟಿ.ವಿ. ಮುಂದೆ ಒತ್ತುತ್ತಾ ಕೂರ್ತಾರಲ್ಲ, ಆ ಆಟದ ಸಾಮಾನಿನ ಹಾಗೇ ಇದೆ! ಅದನ್ನು ನಂಬೋದು ಹ್ಯಾಗೆ?" ಎಂದರು. ಪ್ರಶ್ನೆ ನ್ಯಾಯವಾದದ್ದೇ.

ಅಮೆರಿಕದ ನೌಕಾಪಡೆ ನಂಬಿದೆ. 2018ರ ಮಾರ್ಚಿನಲ್ಲಿ ಸೇವೆಗೆ ಸೇರಿದ 'ಕೊಲರಾಡೊ' ಜಲಾಂತರ್ಗಾಮಿಯಲ್ಲಿ, ನೀರಿನ ಮೇಲೆ ಇಣುಕುವ ಕ್ಯಾಮೆರಾ ಕಂಬವನ್ನು ತಿರುಗಿಸಲು ಎಕ್ಸ್‌ಬಾಕ್ಸ್ ಆಟದ ಹಿಡಿಕೆಯನ್ನೇ ಇಟ್ಟರು. ಮೊದಲಿನ ಹಿಡಿಕೆ ಮತ್ತು ಫಲಕಕ್ಕೆ ಸುಮಾರು 38,000 ಡಾಲರ್. ಇದಕ್ಕೆ 30 ಡಾಲರಿಗೂ ಕಡಿಮೆ. ಗಂಟೆಗಟ್ಟಲೆ ಹಿಡಿಯುತ್ತಿದ್ದ ಕಲಿಕೆ ನಿಮಿಷಗಳಲ್ಲಿ ಮುಗಿಯಿತು. ನಾವಿಕರ ಬೆರಳು ಚಿಕ್ಕಂದಿನಲ್ಲೇ ಪಳಗಿತ್ತಲ್ಲ. ಆದರೆ ಆ ಹಿಡಿಕೆ ಹಡಗನ್ನು ನಡೆಸುವುದಿಲ್ಲ, ಅದರ ಕಣ್ಣನ್ನಷ್ಟೇ ತಿರುಗಿಸುತ್ತದೆ. ಕೆಟ್ಟರೆ ಇನ್ನೊಂದನ್ನು ಸಿಕ್ಕಿಸಿದರಾಯಿತು.

'ಟೈಟನ್' ಕಥೆ ಬೇರೆ. ಸುಮಾರು 3,800 ಮೀಟರ್ ಆಳದಲ್ಲಿರುವ ಟೈಟಾನಿಕ್ ಅವಶೇಷ ನೋಡಲು 2023ರ ಜೂನ್ 18ರಂದು ಇಳಿದ ಆ ನೌಕೆಯಲ್ಲಿದ್ದ ಐವರೂ ತೀರಿಕೊಂಡರು. ಅದನ್ನು ನಡೆಸುತ್ತಿದ್ದುದು ಲಾಜಿಟೆಕ್ ಕಂಪನಿಯ ತಂತಿಯಿಲ್ಲದ ಆಟದ ಹಿಡಿಕೆ. ಲೋಕವೆಲ್ಲ ಅದನ್ನೇ ಹಂಗಿಸಿತು, ನಾವೂ ಹಂಗಿಸಿದೆವು. ಆದರೆ ಕುಸಿದದ್ದು ಕಾರ್ಬನ್ ಫೈಬರಿನ ಒಡಲು. ಹಿಂದಿನ ವರ್ಷವೇ ಮೇಲಕ್ಕೆ ಬರುವಾಗ ಅದು ದೊಡ್ಡ ಸದ್ದು ಮಾಡಿತ್ತು. ಹೊರಗಿನ ಯಾವ ಸಂಸ್ಥೆಯ ಪ್ರಮಾಣಪತ್ರವೂ ನೌಕೆಗೆ ಇರಲಿಲ್ಲ. ತಪ್ಪಿಸಬಹುದಾಗಿದ್ದ ದುರಂತವೆಂದು ಅಮೆರಿಕದ ಕರಾವಳಿ ಕಾವಲು ಪಡೆ 2025ರ ಆಗಸ್ಟಿನ ವರದಿಯಲ್ಲಿ ಹೇಳಿತು. ಎಲ್ಲರೂ ಹಿಡಿಕೆ ನೋಡಿದರು. ಒಡಲು ತಟ್ಟಿ ನೋಡಬೇಕಿತ್ತು.

(ಅದೇ ಕಾರ್ಬನ್ ಫೈಬರಿನ ದೋಟಿ ಈಗ ನಮ್ಮ ತೋಟಗಳಿಗೂ ಬಂದಿದೆ. ಹಗುರ, ಗಟ್ಟಿ, ಒಪ್ಪಿದೆವು. ಆದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಒಣ ಬಿದಿರಿನ ಅಭ್ಯಾಸದಲ್ಲಿ ಲೈನಿನ ಹತ್ತಿರ ಎತ್ತಿದವನ ಕೈ ಉಳಿಯದು.)

ಇನ್ನು ಡ್ರೋನು. ಅದರ ಹಿಡಿಕೆ ಆಟದ್ದರಂತೆ ಕಂಡರೆ ಕಾಣಲಿ. ಹಾರಿಸುವವನಿಗೆ ಪೈಲಟ್ ಸರ್ಟಿಫಿಕೇಟು ಇದೆಯೇ ಎಂದು ಮೊದಲು ಕೇಳೋಣ. ಮುಖ್ಯವಾದದ್ದು ಮತ್ತೊಂದಿದೆ: ಹಿಡಿಕೆಗೂ ಯಂತ್ರಕ್ಕೂ ಸಂಪರ್ಕ ಕಡಿದರೆ ಏನಾಗುತ್ತದೆ? ಅನೇಕ ಡ್ರೋನುಗಳು ಮೊದಲೇ ಗೊತ್ತುಮಾಡಿದ ಎತ್ತರಕ್ಕೇರಿ, ಹೊರಟ ಜಾಗಕ್ಕೆ ತಾವಾಗಿ ಮರಳುತ್ತವೆ. ಬಯಲುಸೀಮೆಯ ಗದ್ದೆಗೆ ಇಟ್ಟ ಎತ್ತರವನ್ನೇ ನಮ್ಮಲ್ಲಿ ಬಿಟ್ಟರೆ, ದಾರಿಯಲ್ಲಿ ಅಡಕೆ ಮರದ ತಲೆಯೋ ಕಾಫಿ ತೋಟದ ಸಿಲ್ವರ್ ಮರವೋ ಸಿಕ್ಕುತ್ತದೆ, ಕೆಳಗೆ ಆಳುಗಳಿರುತ್ತಾರೆ. ಆ ಎತ್ತರವನ್ನು ಎದುರಿಗೆ ನಿಂತು ಹಾಕಿಸಬೇಕು.

ಈ ಮಳೆಗಾಲಕ್ಕೆ ಡ್ರೋನ್ ಕರೆಸುವ ಸದಸ್ಯರು ತೋಟದ ಮೇಲೆ ಹಾಯುವ ಕರೆಂಟು ಲೈನುಗಳನ್ನು ಒಂದು ಕಾಗದದಲ್ಲಿ ಗುರುತುಮಾಡಿ ಕಚೇರಿಗೆ ಮುಂಚಿತವಾಗಿ ತಲುಪಿಸಬೇಕಾಗಿ ಕೋರುತ್ತೇವೆ.